ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡದ ಜೋಡಿ ಹುಡುಕಿ

ಪುಣೆಯ ಆಫೀಸುಗಳಲ್ಲಿ ದಿನಾ ಕಿವಿಗೆ ಬೀಳುವ ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಬಾಯಿಪಾಠ ಮಾಡಬೇಡಿ, ಅದೇ ಕೆಲಸ ಮಾಡುವ ಕನ್ನಡದ ಮಾತನ್ನು ಪಕ್ಕದಲ್ಲಿ ಬರೆದಿಡಿ. ‘ಪೀಸ್ ಆಫ್ ಕೇಕ್’ ಅಂದರೆ ನೀರು ಕುಡಿದಷ್ಟು ಸುಲಭ. ‘ಬೈಟ್ ದ ಬುಲೆಟ್’ ಅಂದರೆ ಹಲ್ಲು ಕಚ್ಚಿಕೊಂಡು ಮಾಡು. ‘ಒನ್ಸ್ ಇನ್ ಎ ಬ್ಲೂ ಮೂನ್’ಗೆ ನಮ್ಮ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಇದೆಯಲ್ಲ! (ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಗೆ ಬ್ಲೂ ಮೂನ್ ಅಂತಾರೆ, ಸುಮಾರು ಎರಡೂವರೆ ವರ್ಷಕ್ಕೊಂದು. ನಮ್ಮ ಲೆಕ್ಕ ಸ್ವಲ್ಪ ಉದಾರ.) ಅರ್ಥ ಮರೆತುಹೋಗುತ್ತದೆ, ಮನೆಯಲ್ಲಿ ಆಡುವ ಮಾತು ಮರೆಯುವುದಿಲ್ಲ, ಅದಕ್ಕೇ ಇದು ತಲೆಯಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಮರಾಠಿಯದ್ದನ್ನೂ ಸೇರಿಸಿ: ಇಂಗ್ಲಿಷಿನವರು ಬೆಂಕಿಗೆ ‘ಫ್ಯೂಯಲ್’ ಹಾಕುತ್ತಾರೆ, ಮರಾಠಿಯವರು ‘ಆಗೀತ್ ತೇಲ್’ (ಬೆಂಕಿಗೆ ಎಣ್ಣೆ) ಸುರಿಯುತ್ತಾರೆ, ನಾವು ಮಾತ್ರ ತುಪ್ಪ. ಆದರೆ ಪದ ಒಂದೇ ಇದ್ದ ಕಡೆ ಎಚ್ಚರ. ‘ಪುಲ್ಲಿಂಗ್ ಯುವರ್ ಲೆಗ್’ ಅಂದರೆ ಸುಮ್ನೆ ತಮಾಷೆ, ನಮ್ಮ ಕಾಲೆಳೆಯುವುದರಲ್ಲೂ ಆ ಅರ್ಥ ಇದೆ. ಮರಾಠಿಯಲ್ಲಿ ‘ಪಾಯ್ ಓಢಣೇ’ ಅಂದರೆ ಮೇಲೇರುವವನನ್ನು ಕೆಳಗೆ ಎಳೆಯುವುದು. ಸಹೋದ್ಯೋಗಿಗೆ ಹಾಗೆ ಅನುವಾದಿಸಿ ಹೇಳಿದರೆ ಮುಖ ಗಂಟಿಕ್ಕುವುದು ಗ್ಯಾರಂಟಿ. ‘ಬ್ರೇಕ್ ಎ ಲೆಗ್’ಗಂತೂ ಜೋಡಿ ಹುಡುಕಬೇಡಿ. ರಂಗಕ್ಕೆ ಹೊರಟವರಿಗೆ ಹೇಳುವ ಶುಭಾಶಯ ಅದು. ಗಣೇಶೋತ್ಸವದ ನಾಟಕಕ್ಕೆ ಬಣ್ಣ ಹಚ್ಚಿಕೊಂಡು ನಿಂತವರಿಗೆ ‘ಕಾಲು ಮುರಿದುಕೋ’ ಅಂದರೆ ಏನಾಗುತ್ತದೆ, ಗೊತ್ತಲ್ವಾ? ಅಂಥವನ್ನು ಬಾಯಿಪಾಠವೇ ಮಾಡಬೇಕು.