ಸೊಂಟದ ಸುತ್ತಳತೆ ಸರಿಯಾಗಿ ತೆಗೆಯುವುದು ಹೇಗೆ?

ಸುಮಾರು 9 ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿದ 2009ರ ಅಧ್ಯಯನದ ಪ್ರಕಾರ, ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ) 30–35 ಇದ್ದವರ ಆಯುಷ್ಯ 2–4 ವರ್ಷ ಕಡಿಮೆ. 40–45 ಇದ್ದವರದ್ದು 8–10 ವರ್ಷ. ಆ ಅಧ್ಯಯನದಲ್ಲಿದ್ದವರು ಹೆಚ್ಚಾಗಿ ಪಾಶ್ಚಾತ್ಯರು. ನಮ್ಮವರಿಗೆ ಬಿಎಂಐ 25ಕ್ಕೇ ಬೊಜ್ಜು. ಕಡಿಮೆ ಬಿಎಂಐ ಇದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ಅದಕ್ಕೇ ಹೊಟ್ಟೆ ಅಳೆಯಿರಿ.

ಉಡುಪಿ ಕಡೆಯ ಗಂಡಸರು ಮುಂಡು ಕಟ್ಟುವ ಜಾಗದಲ್ಲೇ ಟೇಪು ಹಿಡಿಯುತ್ತಾರೆ. ಅದು ತಪ್ಪು: ಜೋತ ಹೊಟ್ಟೆ ಅದರ ಮೇಲೇ ಉಳಿದು ಅಳತೆ ಕಡಿಮೆ ಬರುತ್ತದೆ. ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮೇಲಂಚು ಎರಡನ್ನೂ ಬೆರಳಿನಿಂದ ಹುಡುಕಿ. ಅವುಗಳ ನಡುಮಧ್ಯೆ ಬರಿಮೈಗೆ ಟೈಲರ್ ಟೇಪು ಸುತ್ತಿ. ಬೆನ್ನ ಹಿಂದೆ ಟೇಪು ಜಾರದಿರಲಿ, ಚರ್ಮ ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟಾಗ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ.

ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಕುಚ್ಚಲಕ್ಕಿ ಅನ್ನವಾದರೂ ಬಟ್ಟಲು ತುಂಬ ಬೇಡ. ಸಂಜೆಯ ಗೋಳಿಬಜೆ ಮೊದಲು ಬಿಡಿ.