ನಲವತ್ತು ದಾಟಿದ ಲಿಫ್ಟರ್ ಅಂಕಣದಲ್ಲಿ ಉಳಿಯುವುದು ಹೇಗೆ: ಟಾಮ್ ಬ್ರೇಡಿಯ ಕೊನೆಯ ಸೀಸನ್‌ಗಳ ಪಾಠ

ದೀಪಾವಳಿ ಮುಗಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳ ಕಾಲ. ತಂಡ ಕಟ್ಟುವಾಗ ವಯಸ್ಸಿನ ಲೆಕ್ಕ ಹಿಡಿದು ಮೊದಲು ಕೈಬಿಡುವುದು ಹಿರಿಯ ಲಿಫ್ಟರ್‌ನನ್ನು, ಅಂದರೆ ಸ್ಮ್ಯಾಷ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನನ್ನು. ಇದು ತಪ್ಪು ಲೆಕ್ಕ. ಸ್ಮ್ಯಾಷರ್‌ಗೆ ಜಿಗಿತ ಹೋದರೆ ಆಟವೇ ಹೋಯಿತು. ಲಿಫ್ಟರ್‌ಗೆ ಹಾಗಲ್ಲ, ಅವನ ಬಂಡವಾಳ ಕಣ್ಣು ಮತ್ತು ಬೆರಳು. ಅವೆರಡೂ ನಲವತ್ತಕ್ಕೆ ಮುಗಿಯುವಂಥವಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್. ಆ ಆಟದಲ್ಲಿ ಬಹುತೇಕ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಕೊಡಬೇಕೆಂದು ಅವನೇ ತೀರ್ಮಾನಿಸಬೇಕು. ನಮ್ಮ ಲಿಫ್ಟರ್ ಮಾಡುವ ಕೆಲಸವೂ ಅದೇ. ಟಾಮ್ ಬ್ರೇಡಿ, ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2000ದ ಆಯ್ಕೆಯಲ್ಲಿ 199ನೆಯವನಾಗಿ ನ್ಯೂ ಇಂಗ್ಲೆಂಡ್ ತಂಡ ಸೇರಿ, 20 ಸೀಸನ್ ಆಡಿ, ಆರು ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ) ಗೆದ್ದ. 2020ರಲ್ಲಿ, 42ನೇ ವಯಸ್ಸಿಗೆ, ಟ್ಯಾಂಪಾ ಬೇ ತಂಡಕ್ಕೆ ಹೋದ. ಆ ಸೀಸನ್ನಿನ ಕೊನೆಗೆ, 2021ರ ಫೆಬ್ರುವರಿ 7ರಂದು, ಕಾನ್ಸಾಸ್ ಸಿಟಿಯನ್ನು 31–9ರಿಂದ ಸೋಲಿಸಿ ಏಳನೆಯದನ್ನೂ ಗೆದ್ದ. ಆಗ ವಯಸ್ಸು 43. ಮುಂದಿನ ಸೀಸನ್ನಿನಲ್ಲಿ 5,316 ಗಜ ಪಾಸ್, 43 ಟಚ್‌ಡೌನ್ ಪಾಸ್ (ನೇರವಾಗಿ ಅಂಕ ತಂದ ಎಸೆತ). ಎರಡರಲ್ಲೂ ಲೀಗ್‌ಗೇ ಮೊದಲಿಗ. 2023ರ ಫೆಬ್ರುವರಿಯಲ್ಲಿ ನಿವೃತ್ತನಾದಾಗ 45.

ಅವನು ಎಂದೂ ವೇಗದ ಓಟಗಾರನಾಗಿರಲಿಲ್ಲ. ಉಳಿದದ್ದು ಬೇರೆ ಕಾರಣಕ್ಕೆ: ಚೆಂಡು ಸಿಗುವ ಮೊದಲೇ ಎದುರಾಳಿಯ ನಿಲುವು ಓದುತ್ತಿದ್ದ, ಸುಮಾರು ಎರಡೂವರೆ ಸೆಕೆಂಡಿನಲ್ಲಿ ಚೆಂಡು ಬಿಡುತ್ತಿದ್ದ, ಹಾಗಾಗಿ ಪೆಟ್ಟು ತಿನ್ನುವುದು ಕಡಿಮೆ. ಲಿಫ್ಟರ್ ಇದನ್ನು ಹೀಗೆ ರೂಢಿಸಿಕೊಳ್ಳಬೇಕು.

ಎದುರಾಳಿ ಸರ್ವಿಸ್‌ಗೆ ಚೆಂಡು ಹಿಡಿದಾಗ ಸಿಗುವ ಕೆಲವೇ ಸೆಕೆಂಡಿನಲ್ಲಿ ಎರಡು ವಿಷಯ ನೋಡಿ: ಮುಂದಿನ ಸಾಲಿನ ಮೂವರಲ್ಲಿ ಗಿಡ್ಡ ಬ್ಲಾಕರ್ (ನೆಟ್ ಮೇಲೆ ಕೈಯೊಡ್ಡಿ ಸ್ಮ್ಯಾಷ್ ತಡೆಯುವವನು) ಯಾರು, ನಡುವಿನವನು ಯಾವ ಕಡೆ ವಾಲಿ ನಿಂತಿದ್ದಾನೆ. ಆಗಲೇ ಮೊದಲ ಆಯ್ಕೆ, ಅದು ಕೆಟ್ಟರೆ ಎರಡನೆಯದು, ಇಷ್ಟನ್ನು ನಿರ್ಧರಿಸಿ ಬೆನ್ನ ಹಿಂದೆ ಬೆರಳು ತೋರಿಸಿ. ಚೆಂಡು ತಲೆಯ ಮೇಲೆ ಬಂದಮೇಲೆ ಯೋಚಿಸಲು ಹೊರಟರೆ ಮೊಣಕೈ ಬಿಗಿಯಾಗುತ್ತದೆ, ಚೆಂಡು ಒಂದು ಕೈಯಲ್ಲಿ ತಡವಾಗಿ ಜಾರುತ್ತದೆ, ಅಂಪೈರ್ ಡಬಲ್ ಟಚ್ ಊದುತ್ತಾರೆ. ಹಿರಿಯರ ಡಬಲ್ ಟಚ್‌ಗಳಲ್ಲಿ ಬಹುಪಾಲು ಬೆರಳಿನ ದೋಷವಲ್ಲ, ತಡವಾದ ತೀರ್ಮಾನದ ಫಲ.

ಮುಂದಿನದು ತಂಡದ ಜೋಡಣೆ. ಟ್ಯಾಂಪಾದಲ್ಲಿ ಬ್ರೇಡಿಯ ಮೊದಲ 12 ಪಂದ್ಯದಲ್ಲಿ ಏಳು ಗೆಲುವು, ಐದು ಸೋಲು. ಒಂದು ವಾರದ ಬಿಡುವಿನ ನಂತರ ತಂಡ ತನ್ನ ಆಟವನ್ನು ಅವನ ಆಟಕ್ಕೆ ಹೊಂದಿಸಿಕೊಂಡಿತು, ಉಳಿದ ಎಂಟನ್ನೂ ಗೆದ್ದಿತು. ಅವನನ್ನು ಕಾಯಲೆಂದೇ ಆ ವರ್ಷದ ಆಯ್ಕೆಯ ಮೊದಲ ಸುತ್ತಿನಲ್ಲಿ ಟ್ರಿಸ್ಟನ್ ವರ್ಫ್ಸ್ ಎಂಬ ಹೊಸ ಹುಡುಗನನ್ನು ತಂದಿದ್ದರು. ಹಿರಿಯನನ್ನು ಹಳೆಯ ಸ್ಥಾನದಲ್ಲೇ ಇಟ್ಟು ಹಳೆಯಷ್ಟೇ ಕೆಲಸ ಹೇಳಿದರೆ ಅವನು ಸೋಲುತ್ತಾನೆ. ಆ ಸೋಲು ಜೋಡಣೆಯದು.

ನಮ್ಮಲ್ಲಿ ಹೆಚ್ಚಿನವರು ಆಡಿಸುವುದು 5–1: ಒಬ್ಬನೇ ಲಿಫ್ಟರ್, ಆಟಗಾರರು ಸರದಿಯಂತೆ ತಿರುಗುವ ಆರೂ ಸ್ಥಾನದಲ್ಲಿ ಅವನೇ. ಮುಂದಿನ ಸಾಲಿನ ಮೂರು ಸ್ಥಾನದಲ್ಲಿ ಅವನು ಬ್ಲಾಕ್‌ಗೂ ಜಿಗಿಯಬೇಕು. ಮಂಡಿ ಕೆಡುವುದು ಇಲ್ಲೇ, ಓಟದಿಂದಲ್ಲ, ಜಿಗಿದು ಗಟ್ಟಿ ನೆಲಕ್ಕೆ ಇಳಿಯುವುದರಿಂದ. ನಲವತ್ತರ ಲಿಫ್ಟರ್‌ಗೆ 6–2 ಸರಿ: ಇಬ್ಬರು ಲಿಫ್ಟರ್, ಹಿಂದಿನ ಸಾಲಿನಲ್ಲಿರುವವನದು ಲಿಫ್ಟ್. ಹಿರಿಯ 1ನೇ ಸ್ಥಾನದಲ್ಲಿ, ಅಂದರೆ ಹಿಂದೆ ಬಲಕ್ಕೆ, ಆಟ ಶುರು ಮಾಡಲಿ. ಅವನ ಎದುರಿನ 4ನೇ ಸ್ಥಾನದಲ್ಲಿ, ಅಂದರೆ ಮುಂದೆ ಎಡಕ್ಕೆ, ಸ್ಮ್ಯಾಷ್ ಕೂಡ ಬರುವ ಕಿರಿಯ ಲಿಫ್ಟರ್ ಇರಲಿ. ಹಿರಿಯ ಹಿಂದಿನ ಸಾಲಿನ 1, 6, 5 ಈ ಮೂರು ಸ್ಥಾನದಲ್ಲಿ ಲಿಫ್ಟ್ ಮಾಡಿ, 4ಕ್ಕೆ ಬಂದ ಕೂಡಲೇ ಹೊರಗೆ. ಬದಲಿಗೆ ಎತ್ತರದ ಬ್ಲಾಕರ್ ಒಳಗೆ. ಅಷ್ಟರಲ್ಲಿ ಕಿರಿಯ 1ಕ್ಕೆ ಬಂದಿರುತ್ತಾನೆ, ಲಿಫ್ಟ್ ಅವನದು. ಮೂರು ರೊಟೇಷನ್ ಕಳೆದು ಆ ಬದಲಿ ಆಟಗಾರ 1ಕ್ಕೆ ತಿರುಗಿದಾಗ ಹಿರಿಯ ಮತ್ತೆ ಒಳಗೆ.

ಒಂದು ಎಚ್ಚರ. ಒಂದು ಸೆಟ್‌ನಲ್ಲಿ ಶುರುವಿನ ಆಟಗಾರ ಒಮ್ಮೆ ಹೊರಗೆ ಹೋಗಬಹುದು, ಒಮ್ಮೆ ಒಳಗೆ ಬರಬಹುದು, ಅದೂ ತನ್ನ ಜಾಗಕ್ಕೇ. ತಂಡಕ್ಕೆ ಒಟ್ಟು ಬದಲಾವಣೆ ಆರು. ಎರಡನೇ ಸಲ 4ಕ್ಕೆ ಬಂದರೆ ಅವನು ಮುಂದೆಯೇ ಆಡಬೇಕು. ಆಗ ಬ್ಲಾಕ್‌ಗೆ ಜಿಗಿಯದೆ ಎರಡು ಹೆಜ್ಜೆ ಹಿಂದೆ ಸರಿದು ಡ್ರಾಪ್ (ಬ್ಲಾಕ್‌ನ ಹಿಂದೆ ಮೆಲ್ಲಗೆ ಬೀಳಿಸುವ ಚೆಂಡು) ಎತ್ತುವ ಕೆಲಸ ಕೊಡಿ. ಊರಿನ ಪಂದ್ಯಾವಳಿಗಳಲ್ಲಿ ಬದಲಾವಣೆಯ ನಿಯಮ ಬೇರೆ ಇರುವುದುಂಟು. ಹೆಸರು ಕೊಡುವಾಗಲೇ ಕೇಳಿಕೊಳ್ಳಿ.

ಹಿಂದಿನ ಸಾಲಿನಿಂದ ಬಂದ ಲಿಫ್ಟರ್ ಬ್ಲಾಕ್ ಮಾಡುವಂತಿಲ್ಲ. ಮೂರು ಮೀಟರ್ ಗೆರೆಯ ಮುಂದೆ ನಿಂತು, ನೆಟ್‌ಗಿಂತ ಪೂರ್ತಿ ಮೇಲಿರುವ ಚೆಂಡನ್ನು ಆಚೆ ತಳ್ಳುವಂತೆಯೂ ಇಲ್ಲ. 5–1 ಆಡಿ ಪಳಗಿದವರ ಕೈ ಅಭ್ಯಾಸಬಲದಿಂದ ಅತ್ತ ಹೋಗಿ ಪಾಯಿಂಟ್ ಕಳೆಯುತ್ತದೆ.

5ನೇ ಸ್ಥಾನದಿಂದ ನೆಟ್‌ಗೆ ಓಟ ಅತಿ ಉದ್ದ. ಅದನ್ನು ಉಳಿಸಲು 4ನೆಯವನನ್ನು ನೆಟ್ ಬಳಿಗೆ ಕಳಿಸಿ, ಅವನ ಬೆನ್ನ ಹಿಂದೆಯೇ ಲಿಫ್ಟರ್ ನಿಲ್ಲಲಿ. 4ನೆಯವನಿಗಿಂತ ಹಿಂದೆ, 6ನೆಯವನಿಗಿಂತ ಎಡಕ್ಕೆ ಇದ್ದರೆ ನಿಯಮಬದ್ಧ. ಎದುರಾಳಿಯ ಕೈ ಚೆಂಡಿಗೆ ತಾಗಿದ ಕ್ಷಣ ಹೊರಡಬೇಕು. ಪಾಸ್ ಕೊಡುವವರಿಗೆ ಒಂದೇ ಮಾತು: ಚೆಂಡು ಮುಂದಿನ ಸಾಲಿನ ಬಲದ 2 ಮತ್ತು ನಡುವಿನ 3ರ ಮಧ್ಯೆ, ನೆಟ್‌ನಿಂದ ಒಂದು ಮೀಟರ್ ಈಚೆ, ಎತ್ತರವಾಗಿ ಬರಲಿ. ಚಪ್ಪಟೆ ಪಾಸ್ ಇಪ್ಪತ್ತರ ಹುಡುಗನಿಗೆ ಪರವಾಗಿಲ್ಲ, ನಲವತ್ತರವನಿಗೆ ಶಿಕ್ಷೆ.

ಹೊನಲು ಬೆಳಕಿನಲ್ಲಿ ಎತ್ತರದ ಲಿಫ್ಟ್ ದೀಪದೊಳಗೆ ಮಾಯವಾಗುತ್ತದೆ. ವಯಸ್ಸಾದ ಕಣ್ಣು ಆ ಪ್ರಖರತೆಯಿಂದ ಬೇಗ ಚೇತರಿಸಿಕೊಳ್ಳುವುದಿಲ್ಲ. ಬೇಗ ಅಂಕಣಕ್ಕೆ ಹೋಗಿ ಎರಡೂ ಕಡೆಯಿಂದ ಹತ್ತಿಪ್ಪತ್ತು ಚೆಂಡು ಎತ್ತಿ, ಯಾವ ಮೂಲೆಯಲ್ಲಿ ಕಣ್ಣು ಕುಕ್ಕುತ್ತದೆ ನೋಡಿಕೊಳ್ಳಿ. ಆ ಕಡೆಗೆ ನೆಟ್‌ಗಿಂತ ಒಂದು ಮೀಟರ್ ಮೇಲಿನ ತಗ್ಗು ಲಿಫ್ಟ್ ಸಾಕು. ಹತ್ತು ಗಂಟೆಯ ಮೇಲೆ ಇಬ್ಬನಿ ಕೂತು ಚೆಂಡು ಜಾರುತ್ತದೆ. ಒಣ ಟವೆಲ್ ಎರಡು ಇಟ್ಟುಕೊಳ್ಳಿ, ಪ್ರತಿ ಟೈಮ್‌ಔಟ್‌ಗೆ ಕೈ ಒರೆಸಿ.

ಈಗ ಮೈ. ಬ್ರೇಡಿಯ ಊಟದ ಬಗ್ಗೆ ಬಹಳ ಮಾತಿದೆ, ಟೊಮೆಟೊ ಬಿಟ್ಟದ್ದು, ಸಕ್ಕರೆ ಬಿಟ್ಟದ್ದು. ಅವನ ಆಟ ಉಳಿದದ್ದು ಅದರಿಂದ ಎನ್ನಲು ಆಧಾರ ಸಾಲದು; ಸಾರಿಗೆ ಟೊಮೆಟೊ ಹಾಕಿಕೊಳ್ಳಿ. ಅವನಿಂದ ಕಲಿಯಬೇಕಾದ್ದು ತಪ್ಪದ ದಿನಚರಿ.

ಮಂಡಿಚಿಪ್ಪಿನ ಕೆಳಗಿನ ನೋವಿಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು: 45 ಸೆಕೆಂಡು, ಎರಡು ನಿಮಿಷ ಬಿಡುವು, ಹೀಗೆ ಐದು ಸಲ, ದಿನ ಬಿಟ್ಟು ದಿನ. ಮೀನಖಂಡಕ್ಕೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು: 15ರಂತೆ ಮೂರು ಸಲ, ಇಳಿಯುವಾಗ ಮೂರು ಸೆಕೆಂಡು. ಭುಜಕ್ಕೆ ಹಳೆಯ ಸೈಕಲ್ ಟ್ಯೂಬ್ ಸಾಕು: ಒಂದು ತುದಿ ಕಂಬಕ್ಕೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊರಕ್ಕೆ ತಿರುಗಿಸುವುದು, 15ರಂತೆ ಮೂರು ಸಲ. ಮಾರನೆಯ ಬೆಳಗ್ಗೆ ನೋವು ಹತ್ತಕ್ಕೆ ನಾಲ್ಕು ದಾಟಿದ್ದರೆ ಅಂದಿನ ಜಿಗಿತ ಬಿಡಿ, ವ್ಯಾಯಾಮ ಪೂರ್ತಿ ಬಿಡಬೇಡಿ. ಪೂರ್ತಿ ವಿಶ್ರಾಂತಿಯಿಂದ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ.

ಅಡಿಕೆ ಕೊಯ್ಲು ಪಂದ್ಯಾವಳಿಯ ಕಾಲದಲ್ಲೇ ಬರುತ್ತದೆ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿದ ಮಂಡಿ ಬಿಗಿದಿರುತ್ತದೆ, ಬೆರಳು ಮಡಚಿದಂತೆಯೇ ಉಳಿದಿರುತ್ತದೆ. ಅದೇ ರಾತ್ರಿ ಆಡುವುದಿದ್ದರೆ ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಐದೂ ಬೆರಳಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ 20 ಸಲ ಅಗಲಿಸಿ. ಆಟಕ್ಕೆ ಮೊದಲು ಮೈ ಬೆಚ್ಚಗಾಗಲು ಹದಿನೈದು ನಿಮಿಷ ಬೇಕೇ ಬೇಕು, ಡಿಸೆಂಬರಿನ ಚಳಿಯಲ್ಲಿ ಇಪ್ಪತ್ತು.

ಬೆರಳು ಉಳುಕಿದರೆ ಎಳೆಯಲು ಯಾರಿಗೂ ಬಿಡಬೇಡಿ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ತುದಿ ಬಾಗಿ ನೇರವಾಗದಿದ್ದರೆ ರಜ್ಜು ಹರಿದಿದೆ. ಎಕ್ಸ್‌ರೇ ತೆಗೆಸಿ, ಆರರಿಂದ ಎಂಟು ವಾರ ಪಟ್ಟಿಯಲ್ಲಿ ಬೆರಳು ನೇರ ಇರಬೇಕು, ನಡುವೆ ಒಮ್ಮೆಯೂ ಮಡಚಬಾರದು. ಓಡುವಾಗ ಹಿಮ್ಮಡಿಯ ಮೇಲೆ ಯಾರೋ ಒದ್ದಂತಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ಹರಿದಿದೆ. ಎಣ್ಣೆ ತಿಕ್ಕುತ್ತಾ ದಿನ ಕಳೆಯದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಮೂಳೆ ವೈದ್ಯರಲ್ಲಿಗೋ ಕೂಡಲೇ ಹೋಗಿ. ಎದೆ ಬಿಗಿದರೆ ಆಟ ಅಲ್ಲಿಗೇ ನಿಲ್ಲಿಸಿ.

ಮೈ ಒಪ್ಪದ ವರ್ಷವೂ ಬರುತ್ತದೆ. ಅದಕ್ಕೆ ನೋಡಬೇಕಾದವನು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್, ಪೇಟನ್ ಮ್ಯಾನಿಂಗ್. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ 2011 ಪೂರ್ತಿ ಆಡದೆ, ಡೆನ್ವರ್‌ಗೆ ಬಂದು 2013ರಲ್ಲಿ 55 ಟಚ್‌ಡೌನ್ ಪಾಸ್ ಎಸೆದವನು. 2015ರ ಹೊತ್ತಿಗೆ ಪಾದದ ಗಾಯ, ಎಸೆತದಲ್ಲಿ ಬಲವಿಲ್ಲ: 9 ಟಚ್‌ಡೌನ್‌ಗೆ 17 ಚೆಂಡು ಎದುರಾಳಿಯ ಪಾಲು. ನಡುವೆ ಬೆಂಚಿನಲ್ಲೂ ಕೂತ. ಆದರೂ 2016ರ ಫೆಬ್ರುವರಿಯಲ್ಲಿ, 39ನೇ ವಯಸ್ಸಿಗೆ, ಕೆರೊಲಿನಾ ವಿರುದ್ಧ 24–10ರಿಂದ ಸೂಪರ್ ಬೌಲ್ ಗೆದ್ದ. ಆ ದಿನ ಅವನ ಪಾಸ್ ಬರೀ 141 ಗಜ. ಗೆಲ್ಲಿಸಿದ್ದು ರಕ್ಷಣಾ ಪಡೆ, ಅದಕ್ಕೆ ಅವನು ಅಡ್ಡ ಬರಲಿಲ್ಲ. ಅಂಥ ವರ್ಷದಲ್ಲಿ ಲಿಫ್ಟರ್ ಬೆನ್ನ ಹಿಂದಕ್ಕೆ ಎತ್ತುವ ಹಿಂಬದಿ ಲಿಫ್ಟ್, ನೆಟ್ ಬಳಿ ತಗ್ಗಾಗಿ ಎತ್ತುವ ವೇಗದ ಕ್ವಿಕ್ ಎರಡನ್ನೂ ಬಿಟ್ಟು 4ಕ್ಕೆ ಸರಳ ಚೆಂಡು ಎತ್ತಬೇಕು. ಸೊಗಸು ಕಡಿಮೆಯಾಯಿತೆಂದು ಬೇಸರ ಬೇಡ, ಸ್ಮ್ಯಾಷರ್‌ಗೆ ಬೇಕಾದ್ದು ಅದೇ.

ಇನ್ನು ಉಳಿದು ಹೋಗುವ ಹೆಸರಿನ ಮಾತು. ಬ್ರೇಡಿಯ 12ನೇ ನಂಬರಿನ ಜೆರ್ಸಿಯನ್ನು ನ್ಯೂ ಇಂಗ್ಲೆಂಡ್ ಮತ್ತಾರಿಗೂ ಕೊಡುವುದಿಲ್ಲ. ನಮ್ಮ ಊರಿನ ತಂಡಗಳಿಗೆ ಹಿರಿಯ ಬಿಟ್ಟುಹೋಗಬೇಕಾದ್ದು ಇನ್ನೊಬ್ಬ ಲಿಫ್ಟರ್‌ನನ್ನು. 6–2ರಲ್ಲಿ ಕಿರಿಯ ಅರ್ಧ ಸೆಟ್ ಲಿಫ್ಟ್ ಮಾಡುತ್ತಾನಲ್ಲ, ಆ ಹೊತ್ತು ಹಿರಿಯ ಬೆಂಚಿನಿಂದ ಕೂಗಾಡದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ: ಯಾವ ಪಾಸ್‌ಗೆ ಯಾರಿಗೆ ಕೊಟ್ಟ, ಬ್ಲಾಕ್ ಎಲ್ಲಿತ್ತು. ಸೆಟ್ ಮುಗಿದ ಮೇಲೆ ಎರಡೇ ವಿಷಯ ಹೇಳಲಿ, ಹೆಚ್ಚು ಹೇಳಿದರೆ ಹುಡುಗ ಗೊಂದಲಕ್ಕೆ ಬೀಳುತ್ತಾನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಅಂಕಣ ಕೆಸರು. ಆ ತಿಂಗಳುಗಳಲ್ಲಿ ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಗೋಡೆಯ ಮೇಲೆ 2.43 ಮೀಟರ್ ಎತ್ತರಕ್ಕೆ ಸೀಮೆಸುಣ್ಣದಲ್ಲಿ ನೆಟ್‌ನ ಗೆರೆ ಎಳೆದು, ಅದರ ಮೇಲೆ ಒಂದಡಿಯ ಚೌಕ ಬರೆಯಿರಿ. ಕಿರಿಯ ಎರಡು ಮೀಟರ್ ದೂರದಿಂದ ಚೌಕಕ್ಕೆ 50 ಲಿಫ್ಟ್ ಮಾಡಲಿ. ಚೆಂಡು ಅವನ ಕೈಗೆ ತಾಗುವ ಮುಂಚೆ ಹಿರಿಯ ಪಕ್ಕದಲ್ಲಿ ನಿಂತು ಎರಡೋ ಮೂರೋ ಬೆರಳು ತೋರಿಸಬೇಕು, ಹುಡುಗ ಅದನ್ನು ಓರೆಗಣ್ಣಲ್ಲಿ ನೋಡಿ ಜೋರಾಗಿ ಹೇಳಿಯೇ ಚೆಂಡು ಬಿಡಬೇಕು. ಹೇಳಲು ತಪ್ಪಿದರೆ ಲಿಫ್ಟ್ ಚೌಕಕ್ಕೆ ಬಿದ್ದಿದ್ದರೂ ಎಣಿಕೆಗಿಲ್ಲ.