ಹೊಸ ಬ್ಯಾಟರಿ ತರುವ ಮುಂಚೆ ಮೀಟರ್ ಹಿಡಿಯಿರಿ

ಸೆಲ್ಫ್ ಎತ್ತುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಹೊಸ ಬ್ಯಾಟರಿ ತಂದು ಹಾಕುತ್ತಾರೆ. ಕೆಲವು ದಿನ ಬೈಕ್ ಚೆನ್ನಾಗಿ ಓಡುತ್ತದೆ, ಆಮೇಲೆ ಅದೂ ಡೌನ್. ಚಾರ್ಜಿಂಗ್ ಇಲ್ಲದ ಬೈಕಿಗೆ ಎಂಥ ಬ್ಯಾಟರಿ ಹಾಕಿದರೂ ಇದೇ ಗತಿ ಅಲ್ವಾ? ತಪ್ಪು ಬ್ಯಾಟರಿಯದೋ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್‌ನದೋ, ಆ ಎಸಿ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹತೋಟಿಯಲ್ಲಿಡುವ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್‌ನದೋ, ನಡುವಿನ ವೈರಿಂಗ್‌ನದೋ ಎಂದು ತಿಳಿಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಳಚಿ, ‘ಆಫ್ ಆಗಲಿಲ್ಲ, ಚಾರ್ಜಿಂಗ್ ಸರಿ ಇದೆ’ ಎನ್ನುವ ಹಳೇ ಉಪಾಯ ಮಾತ್ರ ಬೇಡವೇ ಬೇಡ. ವೋಲ್ಟೇಜ್ ಚಿಮ್ಮಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಸುಟ್ಟುಹೋಗಬಹುದು.

1. ಬ್ಯಾಟರಿ. ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುಗಿದಿದೆ.

2. ಎಂಜಿನ್ ಓಡುವಾಗ. ಮೀಟರನ್ನು ಡಿಸಿಗೆ ಇಟ್ಟು ಬ್ಯಾಟರಿಯ ಮೇಲೆ ಹಿಡಿಯಿರಿ. ಸುಮಾರು 5000 ಆರ್‌ಪಿಎಂನಲ್ಲಿ 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿ ಇದೆ. ಹಾಗಿದ್ದೂ ರಾತ್ರೋರಾತ್ರಿ ಬ್ಯಾಟರಿ ಇಳಿಯುತ್ತಿದ್ದರೆ ಹೊರಗಿನಿಂದ ಹಾಕಿಸಿದ ಅಲಾರಂ, ಯುಎಸ್‌ಬಿ ಚಾರ್ಜರ್‌ಗಳನ್ನು ಅನುಮಾನಿಸಿ. ರೇಸ್ ಕೊಟ್ಟರೂ 13 ದಾಟದಿದ್ದರೆ ಮುಂದಿನ ಹಂತಕ್ಕೆ ಹೋಗಿ. 15 ಮೀರಿದರೆ ಸಾಮಾನ್ಯವಾಗಿ ಆರ್‌ಆರ್ ಯೂನಿಟ್ ಅಥವಾ ಅದರ ಅರ್ತ್ ಕೆಟ್ಟಿರುತ್ತದೆ.

3. ಕಪ್ಲರ್ ಮತ್ತು ಕಾಯಿಲ್. ಎಲ್ಲರೂ ಎಡವುವುದು ಇಲ್ಲೇ. ತ್ರೀ-ಫೇಸ್ ಬೈಕ್‌ಗಳಲ್ಲಿ ಸ್ಟೇಟರ್‌ನಿಂದ ಆರ್‌ಆರ್ ಯೂನಿಟ್‌ಗೆ ಒಂದೇ ಬಣ್ಣದ ಮೂರು ವೈರ್ ಬರುತ್ತವೆ, ಹೆಚ್ಚಾಗಿ ಹಳದಿ. ಅವು ಕೂಡುವ ಪ್ಲಗ್ಗೇ ಕಪ್ಲರ್, ಅದನ್ನು ಬಿಚ್ಚಿ ಮೊದಲು ಕಣ್ಣಲ್ಲಿ ನೋಡಿ. ಪ್ಲಾಸ್ಟಿಕ್ ಕಂದಾಗಿದೆಯಾ, ಕರಗಿದೆಯಾ, ಪಿನ್ ಹಸಿರುಗಟ್ಟಿದೆಯಾ? ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ. ಸುಟ್ಟ ಪಿನ್ನನ್ನು ಉಜ್ಜಿ ಮತ್ತೆ ಸಿಕ್ಕಿಸಬೇಡಿ, ಅದು ಮತ್ತೆ ಸುಡುತ್ತದೆ. ಹೊಸ ಟರ್ಮಿನಲ್ ಕ್ರಿಂಪ್ ಮಾಡಿಸಿ, ಅಂದರೆ ವೈರ್‌ಗೆ ಒತ್ತಿ ಕೂರಿಸಿ. ವೈರ್ ಹೆಣೆದು ಟೇಪ್ ಸುತ್ತುವುದನ್ನು ರಿಪೇರಿ ಅಂತ ನಾನಂತೂ ಕರೆಯುವುದಿಲ್ಲ.

ಕಪ್ಲರ್ ಚೆನ್ನಾಗಿದ್ದರೆ ಕಾಯಿಲ್ ನೋಡಿ. ಓಮ್ಸ್‌ನಲ್ಲಿ ಅಳೆದು ‘ಕಾಯಿಲ್ ಓಕೆ’ ಎನ್ನುವವರೇ ಜಾಸ್ತಿ. ಆದರೆ ಎರಡು ವೈರ್‌ಗಳ ನಡುವೆ ಇರುವುದೇ ಒಂದು ಓಮ್‌ಗಿಂತ ಕಡಿಮೆ. ಅಗ್ಗದ ಮೀಟರ್‌ನ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಅದೇ ಸುಮಾರು 0.3 ತೋರಿಸಬಹುದು. ಹೀಗಿರುವಾಗ ಒಳಗೆ ನಾಲ್ಕು ಸುತ್ತು ಶಾರ್ಟ್ ಆಗಿದ್ದರೆ ಹೇಗೆ ಗೊತ್ತಾಗಬೇಕು?

ನಂಬಬೇಕಾದ್ದು ಎಸಿ ಪರೀಕ್ಷೆಯನ್ನು. ಕಪ್ಲರ್ ಬಿಚ್ಚಿಯೇ ಇರಲಿ. ಮೀಟರ್ ಎಸಿಗೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಒಂದು-ಎರಡು, ಎರಡು-ಮೂರು, ಒಂದು-ಮೂರು ಹೀಗೆ ಜೋಡಿಜೋಡಿಯಾಗಿ ಅಳೆಯಿರಿ. 5000 ಆರ್‌ಪಿಎಂನಲ್ಲಿ ಬಹಳ ಬೈಕ್‌ಗಳು 50 ವೋಲ್ಟ್ ದಾಟುತ್ತವೆ, ಬರಿಗೈಯಲ್ಲಿ ಮುಟ್ಟಬೇಡಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಮೂರೂ ಸಮ ಇವೆಯಾ ಎನ್ನುವುದು ಮುಖ್ಯ. ಒಂದು ಜೋಡಿ ತೀರಾ ಕಡಿಮೆ ತೋರಿಸಿದರೆ ಕಾಯಿಲ್ ಹೋಗಿದೆ. ತಣ್ಣಗಿದ್ದಾಗ ಒಮ್ಮೆ, ಬೈಕ್ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್‌ಗಳು ಬೇಕಾದಷ್ಟಿವೆ.

ಎಂಜಿನ್ ಆಫ್ ಮಾಡಿ ಒಂದೊಂದೇ ವೈರ್‌ನಿಂದ ಎಂಜಿನ್ ಬಾಡಿಗೆ ಕಂಟಿನ್ಯೂಟಿ (ಕರೆಂಟ್ ಹರಿಯುವ ಸಂಪರ್ಕ) ಇದೆಯಾ ನೋಡಿ. ಇರಬಾರದು. ಆದರೆ ಕೆಲವು ಚಿಕ್ಕ ಬೈಕ್‌ಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯವರೇ ಅರ್ತ್ ಮಾಡಿರುತ್ತಾರೆ. ಅಲ್ಲಿ ಕಂಟಿನ್ಯೂಟಿ ಬರಲೇಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಕಾಯಿಲ್ ಎಸೆಯುತ್ತಾರೆ. ವೈರಿಂಗ್ ಡಯಾಗ್ರಾಂ ನೋಡದೆ ತೀರ್ಮಾನಕ್ಕೆ ಬರಬೇಡಿ.

4. ಆರ್‌ಆರ್ ಯೂನಿಟ್. ಎಲ್ಲ ಜೋಡಿಸಿ, ಹೆಡ್‌ಲೈಟ್ ಹಾಕಿ, ರೇಸ್ ಕೊಟ್ಟು, ಯೂನಿಟ್‌ನ ಪಾಸಿಟಿವ್ ವೈರ್ ಮತ್ತು ಬ್ಯಾಟರಿ ಪಾಸಿಟಿವ್ ನಡುವೆ ಡಿಸಿ ಅಳೆಯಿರಿ. ಯೂನಿಟ್‌ನ ಅರ್ತ್ ವೈರ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆಯೂ ಹಾಗೆಯೇ ಮಾಡಿ. 0.3 ವೋಲ್ಟ್ ಮೀರಿದರೆ ದಾರಿಯ ವೈರ್ ಅಥವಾ ಕಪ್ಲರ್‌ನಲ್ಲೇ ವೋಲ್ಟೇಜ್ ನಷ್ಟವಾಗುತ್ತಿದೆ. ಅದೂ ಸರಿ, ಕಾಯಿಲೂ ಸರಿ, ಆದರೂ ಚಾರ್ಜ್ ಇಲ್ಲ ಅಂದರೆ ಯೂನಿಟ್ ಬದಲಿಸಿ. ಮೀಟರ್‌ನ ಡಯೋಡ್ ಪರೀಕ್ಷೆ ಪಾಸಾದ ಯೂನಿಟ್ ಕೂಡ ಲೋಡ್ ಬಿದ್ದಾಗ ಸೋಲುವುದುಂಟು.

5. ಯಾವುದು ಕೊಳ್ಳಬೇಕು? ಮಾಮೂಲಿ ಶಂಟ್ ಯೂನಿಟ್ ಹೆಚ್ಚುವರಿ ಕರೆಂಟನ್ನು ಕಾಯಿಲ್‌ಗೇ ಶಾರ್ಟ್ ಮಾಡಿ ಹಿಂತಿರುಗಿಸುತ್ತದೆ. ಲೈಟ್ ಆಫ್ ಮಾಡಿದರೂ ಕಾಯಿಲ್‌ಗೆ ಬಿಡುವಿಲ್ಲ. ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಬಳಸುವ ಶಂಟ್‌ನಲ್ಲಿ ಯೂನಿಟ್ ತಂಪಾಗಿರುತ್ತದೆ, ಕಾಯಿಲ್ ಅಲ್ಲ. ಶಿಂಡೆಂಗೆನ್ ಎಸ್‌ಎಚ್775ನಂಥ ಸೀರೀಸ್ ಯೂನಿಟ್ ಬೇಡದಾಗ ಸರ್ಕ್ಯೂಟನ್ನೇ ಬಿಡಿಸುತ್ತದೆ. ಪದೇಪದೇ ಕಾಯಿಲ್ ಸುಡುವ ತ್ರೀ-ಫೇಸ್ ಬೈಕಿಗೆ ನನ್ನ ಆಯ್ಕೆ ಇದೇ. ನಕಲಿಗಳು ಬಹಳ ಇವೆ, ಗೊತ್ತಿರುವ ಡೀಲರ್ ಬಳಿಯೇ ಕೊಳ್ಳಿ. ಫೇಸ್, ಆಂಪ್ ರೇಟಿಂಗ್, ಕಪ್ಲರ್ ಮೂರೂ ಹೊಂದಬೇಕು.

ಕಾಯಿಲ್ ಒರಿಜಿನಲ್ ಹಾಕಿ, ಜೊತೆಗೆ ಎಂಜಿನ್ ಕವರ್‌ನ ಹೊಸ ಗ್ಯಾಸ್ಕೆಟ್ ತನ್ನಿ. ಹಳೇ ಯೂನಿಟ್ ಶಾರ್ಟ್ ಆಗಿದ್ದರೆ ಹೊಸ ಕಾಯಿಲನ್ನೂ ಸುಡುತ್ತದೆ, ಪರೀಕ್ಷಿಸದೆ ಜೋಡಿಸಬೇಡಿ. ಲಿಥಿಯಂ ಬ್ಯಾಟರಿಯ ಆಸೆ ಇದ್ದರೆ ಬೈಕ್ ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ಮೊದಲು ನೋಡಿ. 15ರ ಹತ್ತಿರ ಹೋಗುವ ಬೈಕಿಗೆ ಅದು ಬೇಡ.

ಎಲ್ಲ ಮುಗಿದ ಮೇಲೆ ಎರಡನೇ ಹಂತವನ್ನು ಮತ್ತೆ ಮಾಡಿ, ಈ ಸಲ ಹೆಡ್‌ಲೈಟ್ ಹಾಕಿ. ಒಂದು ಸುತ್ತು ಓಡಿಸಿ ಬಂದು, ಎಂಜಿನ್ ಆಫ್ ಮಾಡಿ ಕಪ್ಲರ್ ಮುಟ್ಟಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಕ್ರಿಂಪ್ ಸರಿಯಾಗಿಲ್ಲ, ಬಿಚ್ಚಿ ಮತ್ತೆ ಮಾಡಿಸಿ.